ತುಂಬಿದ ಕೆನ್ನೆ

ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು ಬಹಳ ಹೊತ್ತಾದರೂ ಡ್ರೈವರನ ಸುಳಿವಿರಲಿಲ್ಲ. ವಿದ್ಯಾವತಿ ಕಿಟಕಿಗೆ ತಲೆಯಾನಿಸಿ ಕೂತ ಮಗಳ ಕೆನ್ನೆಯನ್ನು ಮತ್ತೊಮ್ಮೆ ನೋಡಿದಳು. ಮುಂಜಾನೆಯಿಂದ ಅದೆಷ್ಟು ಸಲ ನೋಡಿದ್ದಳೋ. ಒಂಬತ್ತು ವರ್ಷದ ಸ್ವಪ್ನಾಲಿಯ ಕೆನ್ನೆ ತುಂಬಿಕೊಂಡಿತ್ತು. ಹೋದ ವರ್ಷ ಇದೇ ಮುಖದಲ್ಲಿ ಎರಡು ಕಣ್ಣು, ಎರಡು ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ರಕ್ತದ ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದೆ, 'ಅದು' ಎಂದೇ ಕರೆಯುತ್ತ, ಸೋಲಾಪುರದ ದವಾಖಾನೆಗೂ ಉಮರ್ಗಾದ ಮನೆಗೂ ಓಡಾಡಿದ ವರ್ಷ ಅದು. ಈಗ 'ಅದು' ಹಿಂದೆ ಸರಿದಿತ್ತು, ಕೂದಲು ಹುಟ್ಟಿತ್ತು, ಕೆನ್ನೆ ಬಂದಿತ್ತು. ಎದುರು ಸೀಟಿನ ಮುದುಕಿಯೊಬ್ಬಳು ತಿರುಗಿ ನೋಡಿ ಮರಾಠಿಯಲ್ಲಿ, ಪೋರಿ ಎಷ್ಟು ಗುಟಗುಟೀತ, ದುಂಡದುಂಡಗೆ ಇದ್ದಾಳೆ ಎಂದಾಗ ವಿದ್ಯಾವತಿಗೆ ಎದೆಯಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗಾಯಿತು. ಆದರೆ ಆ ಬೆಳಕು ನಿಲ್ಲಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಅತ್ತೆ ಪ್ರಯಾಗಬಾಯಿ ಆಡಿದ ಮಾತು ಉಮರ್ಗಾದಿಂದ ಇಲ್ಲಿಯ ತನಕ ಬಸ್ಸಿನಲ್ಲಿ ಟಿಕೀಟಿಲ್ಲದೆ ಬಂದುಬಿಟ್ಟಿತ್ತು. "ವಿದ್ಯಾ, ಪೋರಿ ಮುಖ ಮುಂಜಾನಿ ತುಂಬಿರ್ತದ, ಸಂಜಿಗಿ ಇಳೀತದ. ಮೈ ಹಿಡದಿದ್ರ ಹಂಗ ಇಳೀತದೇನ? ಸೋಲಾಪುರಕ್ಕ ಜರಾ ಫೋನ್ ಹಚ್ಚಿ ಕೇಳು."

ಫೋನ್ ಹಚ್ಚಿರಲಿಲ್ಲ. ಅತ್ತೆಯ ಕಣ್ಣಿಗೆ ಯಾವುದು ಸರಿ ಕಂಡಿದೆ? ಮದುವೆಯಾಗಿ ಭಾಲ್ಕಿಯಿಂದ ಬಂದ ಮೊದಲ ವಾರ, ಹೊಸ ಸೊಸೆ ರೊಟ್ಟಿ ತಟ್ಟುವಾಗ ಹಿಂದೆ ಬಂದು ನಿಂತು, ಅಂಚು ಒಡೆದ ರೊಟ್ಟಿಯೊಂದನ್ನೇ ಆರಿಸಿ ತನ್ನ ತಾಟಿಗೆ ಹಾಕಿಕೊಂಡವಳು. ತಪ್ಪು ಎಲ್ಲಿದ್ದರೂ ಆಕೆಯ ಕೈ ಅಲ್ಲಿಗೇ ಹೋಗುತ್ತದೆ. ಮಗುವಿನ ಮುಖ ಬಾಡಿದಾಗ ಬಾಡಿತು ಎಂದಳು, ಈಗ ತುಂಬಿದರೆ ಯಾಕೆ ತುಂಬಿತು ಎನ್ನುತ್ತಾಳೆ. ಮತ್ತೆ, ಸೋಲಾಪುರದ ಡಾಕ್ಟರು ಹೇಳಿದ್ದರಲ್ಲಿ ತಾನು ಯಾವುದನ್ನು ಬಿಟ್ಟಿದ್ದೇನೆ? ಸ್ವಪ್ನಾಲಿಯ ಎದೆಯ ಬಲಗಡೆ, ಚರ್ಮದ ಕೆಳಗೆ, ನಾಣ್ಯದಷ್ಟಗಲದ ಒಂದು ಡಬ್ಬಿ ಇಟ್ಟಿದ್ದರು. ಅದರಿಂದ ಹೊರಟ ಸಣ್ಣ ನಳಿಕೆ ಕುತ್ತಿಗೆಯ ದೊಡ್ಡ ರಕ್ತನಾಳದೊಳಗೆ ಹೊಕ್ಕು ಗುಂಡಿಗೆಯ ಬಾಗಿಲಿನ ತನಕ ಇಳಿದಿತ್ತು. ಕೈಯ ಸಣ್ಣ ನರಗಳನ್ನು ಸುಟ್ಟುಬಿಡುವ ಔಷಧಿ ಅಲ್ಲಿಂದ ಸಲೀಸಾಗಿ ಹೋಗುತ್ತಿತ್ತು. ಜ್ವರ ಬಂದರೆ, ಚಳಿ ಹತ್ತಿದರೆ, ಡಬ್ಬಿಯ ಸುತ್ತ ಕೆಂಪಾದರೆ ಒಂದು ತಾಸೂ ಕಾಯದೆ ಬನ್ನಿ ಎಂದಿದ್ದರು. ಬಗಲಲ್ಲಿ ಥರ್ಮಾಮೀಟರ್ ಇಡದೆ ಅವಳು ಮಗಳಿಗೆ ಒಂದು ಮುಂಜಾನೆಯೂ ಚಹಾ ಕೊಟ್ಟಿರಲಿಲ್ಲ. ಕೈ ತೊಳೆದೂ ತೊಳೆದೂ ಅವಳ ಬೆರಳ ಸಂದುಗಳು ಒಡೆದು ಉರಿಯುತ್ತಿದ್ದವು. ಜಳಕ ಮಾಡಿಸುವಾಗ ಡಬ್ಬಿಯ ಸುತ್ತ ಕಣ್ಣಿಟ್ಟು ನೋಡುತ್ತಿದ್ದಳು. ಕೆಂಪಿರಲಿಲ್ಲ. ಎದೆಯ ಮೇಲೆಲ್ಲ ನೀಲಿ ಗೆರೆಗಳು, ಅರಳಿ ಎಲೆಯ ನರದಂತೆ, ಇತ್ತೀಚೆಗೆ ಎದ್ದು ಕಾಣುತ್ತಿದ್ದವು. ಬಿಸಿಲಿಗೆ ಹೋಗದೆ ಪೋರಿ ಬೆಳ್ಳಗಾಗಿದ್ದಾಳೆ, ಅದಕ್ಕೇ ಕಾಣುತ್ತವೆ ಎಂದುಕೊಂಡಿದ್ದಳು.

ಬಸ್ಸು ಹೊರಟಿತು. ಉದಗೀರಿನಲ್ಲಿ ನಾದಿನಿ ಮೀನಲಳ ಕುಬಸದ ಕಾರ್ಯವಿತ್ತು. ಏಳು ತಿಂಗಳ ಬಸುರಿಗೆ ತವರಿನ ಸೀರೆ, ಕುಬಸ, ಹಸಿರು ಬಳೆ ಒಯ್ಯಬೇಕು. ಗಂಡ ನೀಲಕಂಠನಿಗೆ ಹಿಟ್ಟಿನ ಗಿರಣಿ ಬಿಟ್ಟು ಬರಲಾಗದು, ಅತ್ತೆಗೆ ಮೊಣಕಾಲು ನೋವು. "ನೀ ಒಬ್ಬಾಕಿನೇ ಹೋಗಿ ಬಾ, ಸಪ್ನಾ ಅವ್ವನ ಹಂತ್ಯಾಕ ಇರ್ಲಿ" ಎಂದಿದ್ದ ನೀಲಕಂಠ. ಅವಳು ಒಪ್ಪಿರಲಿಲ್ಲ. ಮಗಳನ್ನು ಕರೆದೊಯ್ಯಲೇಬೇಕಿತ್ತು. ಯಾಕೆಂದರೆ ಹೋದ ವರ್ಷ ಮುರುಮ ಊರಿನ ಮದುವೆಯಲ್ಲಿ ಇದ್ದವರೇ ಇವತ್ತು ಅಲ್ಲಿ ಇರುತ್ತಾರೆ. ಆ ಊಟದ ಪಂಕ್ತಿಯಲ್ಲಿ ಬೋಳುತಲೆಯ ಸ್ವಪ್ನಾಲಿ ಕೂತಾಗ ಮೀನಲಳ ದೊಡ್ಡತ್ತೆ ರಂಭಾಬಾಯಿ ತನ್ನ ಮೊಮ್ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ, ಬೇರೆ ಎಲೆಗೆ ಕೂಡಿಸಿ, ಆಮೇಲೆ ನಗುತ್ತ, "ಹಂಗೇನಿಲ್ರೀ, ಆದ್ರೂ ಸಣ್ಣ ಕೂಸದ" ಎಂದಿದ್ದಳು. ಆ 'ಆದ್ರೂ' ವಿದ್ಯಾವತಿಯ ಗಂಟಲಲ್ಲಿ ಈಗಲೂ ಇತ್ತು. ಅವತ್ತು ಸ್ವಪ್ನಾಲಿ ಮಾತ್ರ, ನನಗೆ ಹಸಿವಿಲ್ಲ ಮಮ್ಮಿ, ಮನಿಗಿ ಹೋಗಾಣು ಎಂದು ತಾನೇ ಎದ್ದಿದ್ದಳು. ಎಷ್ಟು ಶಾಣ್ಯಾ ಪೋರಿ ಎಂದು ಆಗ ಅನಿಸಿತ್ತು. ಕೆಲವು ವಾರಗಳ ಹಿಂದೆ, ಕೆನ್ನೆ ತುಂಬತೊಡಗಿದ ಹೊಸದರಲ್ಲಿ, ಮಗಳಿಗೆ ಹಳದಿ ಫ್ರಾಕ್ ಹಾಕಿ ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ ಫೋಟೋ ಹೊಡೆದು ಎಲ್ಲರಿಗೂ ಕಳಿಸಿದ್ದಳು. ಮೀನಲ ಹೃದಯದ ಚಿತ್ರ ಹಾಕಿದ್ದಳು. ರಂಭಾಬಾಯಿಯ ಸೊಸೆ ನೋಡಿದ್ದಳು, ಏನೂ ಬರೆದಿರಲಿಲ್ಲ. ಇರಲಿ, ಇವತ್ತು ಕಣ್ಣಾರೆ ನೋಡಲಿ.

"ತಲಿ ನೋಯ್ಲತ್ತದೇನ?" ಎಂದು ಕೇಳಿದಳು, ಸ್ವಪ್ನಾಲಿ ಕಣ್ಣು ಮುಚ್ಚಿದ್ದನ್ನು ಕಂಡು.

"ಇಲ್ಲ ಮಮ್ಮಿ."

"ಮತ್ಯಾಕ ಹಂಗ ಕುಂತಿ?"

"ಗಾಳಿ ಛಲೋ ಬರ್ಲತ್ತದ."

ಉದಗೀರಿನ ಮನೆಯಲ್ಲಿ ಹೆಂಗಸರು ತುಂಬಿದ್ದರು. ಮೀನಲ ಮಣೆಯ ಮೇಲೆ ಹಸಿರು ಸೀರೆಯಲ್ಲಿ ಕೂತಿದ್ದವಳು ಎದ್ದು ಬರಲಾರದೆ ಎರಡೂ ಕೈ ಚಾಚಿ, "ಅಯ್ಯ ವೈನಿ, ನಮ್ಮ ಸಪ್ನಾನ ನೋಡ್ರಿ, ಗುರುತೇ ಸಿಗಲ್ದು!" ಎಂದಳು. ಎಲ್ಲರೂ ತಿರುಗಿದರು. ಅಷ್ಟೂ ಕಣ್ಣುಗಳು ಮಗಳ ಮುಖದ ಮೇಲೆ ಬಿದ್ದು ಅಲ್ಲಿಂದ ಜಿಗಿದು ತನ್ನ ಮೇಲೆ ಬರುವುದನ್ನು ವಿದ್ಯಾವತಿ ಮೈಯ ಚರ್ಮದಲ್ಲೆಲ್ಲ ತಿಳಿದಳು. ಸುಖ ಎಂದರೆ ಇದೇ ಇರಬೇಕು ಎಂದುಕೊಳ್ಳುವಾಗಲೇ ಅದರೊಳಗೆ ಒಂದು ಮುಳ್ಳು ಆಡಿತು. ಸ್ವಪ್ನಾಲಿಯ ಫ್ರಾಕಿನ ಕುತ್ತಿಗೆಯ ಗುಂಡಿ ಬಿಚ್ಚಿತ್ತು. ತಾನೇ ಹಾಕಿದ್ದ ಗುಂಡಿ. ಯಾವಾಗ ಬಿಚ್ಚಿಕೊಂಡಳು? ಬಗ್ಗಿ ಹಾಕಲು ಹೋದರೆ ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ವಿದ್ಯಾವತಿ ಬೇಕೆಂದೇ ಕಾಯುತ್ತಿದ್ದ ದನಿ ಗೋಡೆಯ ಪಕ್ಕದಿಂದ ಬಂತು. ರಂಭಾಬಾಯಿ ಕಾಲು ಚಾಚಿ ಕೂತಿದ್ದಳು. "ಛಲೋ ಆಗ್ಯಾಳ ಬಿಡು. ಬಾ ಬಾಳಾ, ಹತ್ತರ ಬಾ." ವಿದ್ಯಾವತಿ ಮಗಳ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದಳು. "ಹೋಗು, ಅಜ್ಜಿ ಕಾಲಿಗಿ ಬೀಳು." ಸ್ವಪ್ನಾಲಿ ಅಲ್ಲೇ ನಿಂತು ತಾಯಿಯ ಮುಖ ನೋಡಿದಳು. ಆ ನೋಟದಲ್ಲಿ ಏನೋ ಕೇಳಿಕೆಯಿತ್ತು. "ಹೋಗಂದ್ರ?" ಎಂದು ವಿದ್ಯಾವತಿ ಹಲ್ಲಿನ ಸಂದಿಯಲ್ಲಿ ಅಂದಳು.

ಸ್ವಪ್ನಾಲಿ ಬಗ್ಗಿದಳು. ಹಣೆ ಮುದುಕಿಯ ಪಾದಕ್ಕೆ ಮುಟ್ಟಿತು. ಎದ್ದಾಗ ಅವಳ ಮುಖ ಅವಳ ಮುಖವಾಗಿರಲಿಲ್ಲ. ನೇರಳೆ ಹಣ್ಣಿನ ಬಣ್ಣ ಕುತ್ತಿಗೆಯಿಂದ ಏರಿ ಕೆನ್ನೆ, ತುಟಿ, ಕಿವಿ ಎಲ್ಲ ತುಂಬಿತ್ತು. ಕುತ್ತಿಗೆಯ ನರಗಳು ಹಗ್ಗದಂತೆ ನಿಂತಿದ್ದವು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ರಂಭಾಬಾಯಿ, "ಅಯ್ಯೋ ಶಿವನ, ದೃಷ್ಟಿ ಆತು, ದೃಷ್ಟಿ ಆತು" ಎನ್ನುತ್ತಲೇ ಎರಡೂ ತೋಳಲ್ಲಿ ಪೋರಿಯನ್ನು ಬಾಚಿ ಎದೆಗೆ ಒರಗಿಸಿಕೊಂಡಳು. ಯಾರೋ ಮಲಗಿಸಿ ಎಂದರು. ಮಲಗಿಸಹೋದರೆ ಸ್ವಪ್ನಾಲಿ ಕೈಕಾಲು ಬಡಿದು ಎದ್ದು ಕೂತಳು. ವಿದ್ಯಾವತಿ ಮಾತ್ರ ನಿಂತಲ್ಲೇ ನಿಂತಿದ್ದಳು, ಕೈ ಇನ್ನೂ ಮಗಳನ್ನು ಮುಂದೆ ನೂಕಿದ ಆಕಾರದಲ್ಲೇ ಗಾಳಿಯಲ್ಲಿತ್ತು.

ಮಕ್ಕಳ ಡಾಕ್ಟರ್ ಜಯಮಾಲಾಳ ದವಾಖಾನೆ ಅದೇ ಓಣಿಯ ತುದಿಗಿತ್ತು. ಆಕೆ ಸ್ವಪ್ನಾಲಿಯನ್ನು ದಿಂಬು ಆನಿಸಿ ಕೂಡಿಸಿ, ಮೂಗಿಗೆ ಆಕ್ಸಿಜನ್ ಹಚ್ಚಿ, ಫ್ರಾಕ್ ಸರಿಸಿ ಎದೆಯ ಮೇಲಿನ ನೀಲಿ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದಳು. ಡಬ್ಬಿಯ ಮೇಲೆ ಬೆರಳು ನಿಂತಿತು. ಸೋಲಾಪುರಕ್ಕೆ ಫೋನ್ ಹಚ್ಚಿಕೊಂಡೇ ಮಾತಾಡಿದಳು. ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟಿರಬೇಕು, ತಲೆ ಕೈಗಳಿಂದ ಗುಂಡಿಗೆಗೆ ರಕ್ತ ಇಳಿಯುವ ದಾರಿ ಮುಚ್ಚಿಕೊಳ್ಳುತ್ತಿದೆ. ಆ ಕಡೆಯಿಂದ ಏನೋ ಕೇಳಿದರು. ಜಯಮಾಲಾ ಇತ್ತ ತಿರುಗಿ, "ಕಧೀಪಾಸೂನ್ ಹೀ ಸೂಜ್?" ಎಂದಳು. ಯಾವಾಗಿಂದ ಈ ಬಾವು.

ಬಾವು. ಸೋಲಾಪುರದ ಡಾಕ್ಟರು ತಮ್ಮ ಕುತ್ತಿಗೆಯನ್ನೇ ಮುಟ್ಟಿ ತೋರಿಸಿ, ಬಾವು ಬಂದರೂ ಬರ್ರಿ ಎಂದಿದ್ದು ಈಗ, ಈ ಕ್ಷಣ, ನೆನಪಿಗೆ ಬಂತು. ಕೇಳಿದ್ದಳು. ಆದರೆ ಬಾವು ಎಂದರೆ ಅವಳಿಗೆ ಕುರು, ಕೀವು, ಉರಿ. ಬಾವು ಇಷ್ಟು ಚಂದ ಇರುತ್ತದೆ ಎಂದು ಯಾರು ಹೇಳಿದ್ದರು? ಬಾಗಿಲಲ್ಲಿ ಮೀನಲಳ ಗಂಡ, ರಂಭಾಬಾಯಿಯ ಸೊಸೆ, ಇನ್ನಿಬ್ಬರು ಹೆಂಗಸರು ನಿಂತಿದ್ದರು. ಫೋಟೋ ನೋಡಿ ಏನೂ ಬರೆಯದವಳು ಈಗ ವಿದ್ಯಾವತಿಯ ಬಾಯಿಯನ್ನೇ ನೋಡುತ್ತಿದ್ದಳು.

"ಕಾಲ್‌ಪಾಸೂನ್" ಎಂದಳು ವಿದ್ಯಾವತಿ. ನಿನ್ನೆಯಿಂದ.

ಜಯಮಾಲಾ ಅದನ್ನೇ ಫೋನಿಗೆ ಹೇಳಿದಳು. ಹೊಸದಿದ್ದರೆ ಕರಗಿಸುವ ಔಷಧಿ ಕೊಟ್ಟು ನೋಡಬಹುದು. ಹಳೆಯದಾಗಿ ಗಟ್ಟಿಯಾಗಿದ್ದರೆ ಅದು ಕರಗುವುದಿಲ್ಲ, ಸುಮ್ಮನೆ ಬೇರೆಲ್ಲೋ ರಕ್ತ ಸೋರಿ ಜೀವಕ್ಕೆ ಬರಬಹುದು. ಆದರೆ ನಿನ್ನೆಯದು ಎನ್ನುತ್ತಾರೆ, ಹಾಗಾಗಿ ತಯಾರಿ ಇಟ್ಟುಕೊಳ್ಳಿ. ಈ ಮಾತುಗಳೆಲ್ಲ ವಿದ್ಯಾವತಿಯ ಕಿವಿಗೆ ಒಂದೊಂದಾಗಿ, ನಿಚ್ಚಳವಾಗಿ ಬಿದ್ದವು. ಈಗ ಹೇಳಬೇಕು ಎಂದುಕೊಂಡಳು. ಜಯಮಾಲಾ ಫೋನ್ ಇಟ್ಟ ಮೇಲೆ ಎಂದುಕೊಂಡಳು. ಬಾಗಿಲಲ್ಲಿರುವವರು ಹೋದ ಮೇಲೆ. ಸೋಲಾಪುರಕ್ಕೆ ಒಯ್ಯುವ ಆಂಬುಲೆನ್ಸ್ ಬಂತು.

ಅದೇ ರಸ್ತೆ, ಅದೇ ನಿಲಂಗಾ, ಅದೇ ಸ್ಟ್ಯಾಂಡು. ಮುಂಜಾನೆ ಇಲ್ಲಿ ಕೂತಿದ್ದವಳು ಯಾರೋ ಬೇರೆ ಹೆಂಗಸು, ಅವಳ ಮೇಲೆ ವಿದ್ಯಾವತಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು. ಸ್ವಪ್ನಾಲಿ ಒರಗಿ ಕೂತು, ಮಾಸ್ಕಿನೊಳಗೆ ಸಣ್ಣಗೆ ಉಸಿರಾಡುತ್ತಿದ್ದಳು. ಬಣ್ಣ ಜರಾ ಇಳಿದಿತ್ತು. ಗಾಡಿ ತಿರುವಿನಲ್ಲಿ ವಾಲಿದಾಗ ಹಣೆಯನ್ನು ತಾನೇ ಕೈಯಿಂದ ಹಿಡಿದುಕೊಂಡಳು, ಬಹಳ ರೂಢಿಯ ಕೈ ಅದು. ಈ ಕೈಯನ್ನು ವಿದ್ಯಾವತಿ ಎಲ್ಲಿ ನೋಡಿದ್ದಳು? ಮನೆಯಲ್ಲಿ, ಟೀವಿಯ ಮುಂದೆ. ರಾತ್ರಿ ಮಲಗು ಎಂದರೆ, ಕುಂತೇ ನೋಡ್ತೀನಿ ಎಂದು ಗೋಡೆಗೆ ಒರಗಿ ಹಾಗೇ ನಿದ್ದೆ ಹೋಗುತ್ತಿದ್ದಳು. ತಾನು ಬಗ್ಗದೆ, ಚಪ್ಪಲಿಯ ಪಟ್ಟಿ ಹಾಕು ಅಜ್ಜಿ ಎಂದು ಕಾಲು ಚಾಚುತ್ತಿದ್ದಳು, ಮುದ್ದು ಹೆಚ್ಚಾಯಿತು ಎಂದು ತಾನು ಬೈದಿದ್ದಳು. ಫೋನ್ ತೆಗೆದು ಹಳದಿ ಫ್ರಾಕಿನ ಫೋಟೋ ನೋಡಿದಳು. ನೂರು ಸಲ ನೋಡಿದ ಫೋಟೋದಲ್ಲಿ, ಕೆನ್ನೆಯ ಕೆಳಗೆ, ಕುತ್ತಿಗೆಯ ಬಲಗಡೆ, ಒಂದು ನರ ಎದ್ದು ನಿಂತಿತ್ತು. ಅದು ಅಲ್ಲೇ ಇತ್ತು. ಇಷ್ಟು ದಿನವೂ ಎಲ್ಲರ ಫೋನಿನಲ್ಲಿಯೂ ಇತ್ತು.

ಉಮರ್ಗಾದ ನಾಕೆಯಲ್ಲಿ, ಹೆದ್ದಾರಿ ಕೂಡುವ ಕಡೆ, ನೀಲಕಂಠನೂ ಪ್ರಯಾಗಬಾಯಿಯೂ ನಿಂತಿದ್ದರು. ಅವನ ಹುಬ್ಬಿಗೆ, ಕಿವಿಗೆ ಜೋಳದ ಹಿಟ್ಟು ಹತ್ತಿತ್ತು, ಗಿರಣಿ ಬಂದ್ ಮಾಡಿ ಹಾಗೇ ಓಡಿ ಬಂದಿದ್ದ. ಒಬ್ಬರಿಗೇ ಜಾಗ ಎಂದ ಡ್ರೈವರ್. ನೀಲಕಂಠ ಹತ್ತಿದ. ಪ್ರಯಾಗಬಾಯಿ ಬಾಗಿಲ ಹತ್ತಿರ ಬಂದು ಮೊಮ್ಮಗಳ ಪಾದ ಹಿಡಿದುಕೊಂಡಳು. ಸೊಸೆಯ ಕಡೆ ನೋಡಿದಳು. ಈಗ ಅನ್ನುತ್ತಾಳೆ, ನಾ ಹೇಳಿದ್ದಿಲ್ಲೇನು ಎಂದು ಎಲ್ಲರೆದುರು ಅಂದುಬಿಡುತ್ತಾಳೆ ಎಂದು ವಿದ್ಯಾವತಿ ಮೈ ಬಿಗಿಹಿಡಿದು ಕಾದಳು. ಅಂದಿದ್ದರೆ ಛಲೋ ಇತ್ತು. ಮುದುಕಿ ಸೆರಗಿನಿಂದ ಮೊಮ್ಮಗಳ ಪಾದದ ಧೂಳು ಒರೆಸಿ, "ಹೋಗಿ ಬರ್ರಿ" ಎಂದಳು ಅಷ್ಟೇ. ಬಾಗಿಲು ಮುಚ್ಚಿತು.

ಹೆದ್ದಾರಿಯಲ್ಲಿ ಗಾಡಿ ಓಟ ಹಿಡಿದ ಮೇಲೆ ನೀಲಕಂಠ ಕೇಳಿದ, "ಯಾವಾಗಿಂದ ಹಿಂಗ ಆಗ್ಯಾದ?"

"ನಿನ್ನಿ ಸಂಜಿ ಜರಾ ಬಾವು ಕಂಡಂಗ ಇತ್ರೀ." ಒಂದು ಸಲ ಆಡಿದ್ದನ್ನು ಎರಡನೇ ಸಲ ಆಡುವುದು ಎಷ್ಟು ಸಲೀಸು ಎಂದು ಅವಳಿಗೇ ದಿಗಿಲಾಯಿತು.

ಸ್ವಪ್ನಾಲಿ ಮಾಸ್ಕ್ ಸರಿಸಿದಳು. "ನಿನ್ನಿ ಅಲ್ಲ ಪಪ್ಪಾ. ಮಮ್ಮಿ ಹಳದಿ ಫ್ರಾಕ್ ಹಾಕಿ ಫೋಟೋ ಹೊಡದಿದ್ಲಲ್ಲ, ಅವತ್ತs ತಲಿ ನೋಯ್ತಿತ್ತು. ಅದಕ್ಕೂ ಮೊದಲs ನೋಯ್ತಿತ್ತು."

ನೀಲಕಂಠ ಹೆಂಡತಿಯ ಕಡೆ ತಿರುಗಿದ. ಅವನು ಏನನ್ನೂ ಅನ್ನುವ ಮೊದಲೇ ವಿದ್ಯಾವತಿಯ ಬಾಯಿಂದ, ಅವಳನ್ನು ಕೇಳದೆಯೇ, ಮಾತು ಹೊರಬಿತ್ತು. "ಅಕಿಗೇನ್ ತಿಳೀತದ್ರೀ, ಗಾಬರ‍್ಯಾಗ ಏನೋ ಹೇಳ್ಲತ್ತಾಳ. ಹೌದಿಲ್ಲೋ ಸಪ್ನಾ? ನಿನ್ನಿಂದ ಅಲ್ಲೇನು?"

ಸ್ವಪ್ನಾಲಿ ತಾಯಿಯನ್ನು ನೋಡಿದಳು. ರಂಭಾಬಾಯಿಯ ಕಾಲಿಗೆ ಬಗ್ಗುವ ಮುನ್ನ ನೋಡಿದ ಹಾಗೆಯೇ. ಆ ಬಾತುಕೊಂಡ ರೆಪ್ಪೆಗಳ ನಡುವೆ ಕಣ್ಣು ಸಣ್ಣವಾಗಿದ್ದವು, ಆದರೆ ಅವಕ್ಕೆ ಎಲ್ಲ ತಿಳಿದಿತ್ತು. ತಾಯಿಗೆ ಏನು ಬೇಕು ಎಂದು ತಿಳಿದು, ಅದನ್ನು ಕೊಟ್ಟುಬಿಡುವುದು ಅವಕ್ಕೆ ರೂಢಿಯಾಗಿತ್ತು.

"ಹೌದು ಮಮ್ಮಿ" ಎಂದಳು ಮೆಲ್ಲಗೆ. "ನಿನ್ನಿಂದ."

ಮಾಸ್ಕ್ ಮತ್ತೆ ಮೂಗಿಗೆ ಇಟ್ಟುಕೊಂಡಳು. ನಿನ್ನೆಯಿಂದ ಎಂದಳೋ, ನಿನ್ನ ದೆಸೆಯಿಂದ ಎಂದಳೋ. ಅವರ ಮಾತಿನಲ್ಲಿ ಎರಡಕ್ಕೂ ಅದೇ ಶಬ್ದ, ಅದೇ ದನಿ. ಮಗು ಅಂದದ್ದು ಮೊದಲನೆಯದನ್ನೇ ಎಂದು ವಿದ್ಯಾವತಿಗೆ ಗೊತ್ತಿತ್ತು. ಕಿವಿಯಲ್ಲಿ ಉಳಿದದ್ದು ಎರಡನೆಯದು. ಒಂದು ಲಾರಿ ಹಾರ್ನ್ ಹೊಡೆಯುತ್ತ ದಾಟಿಹೋಯಿತು. ಹಸಿವಿಲ್ಲ ಮಮ್ಮಿ ಎಂದು ಪಂಕ್ತಿಯಿಂದ ಎದ್ದ ಹುಡುಗಿಗೆ ಅವತ್ತು ಹಸಿವಿತ್ತು. ಅದು ಈಗ ತಿಳಿಯಿತು.

"ಸುಳ್ಳರೀ" ಎಂದಳು. "ನಿನ್ನಿಂದ ಅಲ್ಲ. ಬಹಳ ದಿನ ಆತು. ನಾ ಡಾಕ್ಟರ್ ಬಾಯಿಗೂ ಸುಳ್ಳು ಹೇಳೀನಿ. ಅತ್ತಿ ಅಂದಿದ್ರು, ನಾ ಕೇಳಲಿಲ್ಲ. ಮೈ ಹಿಡದಾಳ ಅಂದ್ಕೊಂಡೆ. ಚಂದ ಕಾಣ್ಲತ್ತಾಳಂತ..."

ನೀಲಕಂಠ ಮುಖ ಒರೆಸಿಕೊಂಡ. ಹಿಟ್ಟು ಬೆವರಿಗೆ ಕೂಡಿ ಕಣ್ಣ ಕೆಳಗೆ ಕಣಕದಂತಾಯಿತು. ಹೊಡೆಯಲಿ ಎಂದುಕೊಂಡಳು, ಹತ್ತು ವರ್ಷದಲ್ಲಿ ಒಮ್ಮೆಯೂ ಕೈ ಎತ್ತದವನು ಈಗ ಎತ್ತಲಿ. ಅವನು ರಸ್ತೆಯ ಕಡೆ ನೋಡುತ್ತ, "ಫೋನ್ ಹಚ್ಚು" ಎಂದ.

ಹಚ್ಚಿದಳು. ಮರಾಠಿ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಹೇಳಿದಳು. ಜಯಮಾಲಾ ಪೂರ್ತಿ ಕೇಳಿ, ಎಷ್ಟು ವಾರ ಎಂದು ಕನ್ನಡದಲ್ಲೇ ಕೇಳಿ, ಎದೆಯ ಮೇಲಿನ ಗೆರೆಗಳು ಯಾವಾಗ ಕಂಡವು ಎಂದು ಕೇಳಿ, "ಬರಂ, ಆತು, ಸೋಲಾಪುರಕ್ಕ ನಾ ತಿಳಸ್ತೀನಿ" ಎಂದು ಇಟ್ಟುಬಿಟ್ಟಳು. ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ.

ಸೋಲಾಪುರದಲ್ಲಿ ಸ್ಕ್ಯಾನ್ ಮಾಡಿದಾಗ ಹೆಪ್ಪು ನಳಿಕೆಯುದ್ದಕ್ಕೂ ಕೂತಿತ್ತು. ಬಹುಪಾಲು ಹಳೆಯದು, ತುದಿಯಲ್ಲಿ ಮಾತ್ರ ಹೊಸದು. ಕರಗಿಸುವ ಔಷಧಿ ಕೊಡಲಿಲ್ಲ. ರಕ್ತ ತೆಳುವಾಗಿಸುವ ಔಷಧಿ ಹಚ್ಚಿ, ಎದೆಯ ಗೂಡಿನಲ್ಲಿ ಸೇರಿದ್ದ ನೀರು ತೆಗೆದು, ಪೋರಿ ತಡೆದುಕೊಳ್ಳುತ್ತಾಳೆ ಎಂದು ಖಾತ್ರಿಯಾದ ಮೇಲೆ ಡಬ್ಬಿಯನ್ನೂ ನಳಿಕೆಯನ್ನೂ ತೆಗೆದರು. ವಿದ್ಯಾವತಿ ಕಾರಿಡಾರಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ನೀರಿನ ನಲ್ಲಿಯ ತನಕ ಹೋಗಿ ಯಾಕೆ ಬಂದೆ ಎಂದು ಮರೆತು ತಿರುಗಿ ಬಂದಳು. ಡಾಕ್ಟರು ಬಂದು, ಜೀವಕ್ಕೆ ಈಗ ಭಯವಿಲ್ಲ ಎಂದರು. ದೊಡ್ಡ ರಕ್ತನಾಳ ಅರ್ಧ ಮುಚ್ಚಿಯೇ ಉಳಿಯಬಹುದು, ಸುತ್ತಲಿನ ಸಣ್ಣವು ದಾರಿ ಮಾಡಿಕೊಂಡಿವೆ. ಉಳಿದ ಔಷಧಿಗೆ ಬೇರೆ ಉಪಾಯ ಮಾಡೋಣ. "ಈ ನಳಿಕಿ ಇಟ್ಟ ಮಕ್ಕಳಾಗ ಹಿಂಗ ಆಗ್ತದರೀ, ನೀವು ಏನೂ ತಪ್ಪು ಮಾಡದಿದ್ರೂ ಆಗ್ತದ" ಎಂದರು. ಆ ಮಾತು ಹಿಡಿದುಕೊಳ್ಳಲು ಅವಳು ಕೈ ಚಾಚಿದಳು. ಕೈಗೆ ಹತ್ತಲಿಲ್ಲ. ಆಗಿದ್ದು ಬೇರೆ, ಮುಚ್ಚಿಟ್ಟಿದ್ದು ಬೇರೆ. ಮತ್ತೆ ಅವರು, ಮುಂಜಾನೆ ಮುಖ ಜರಾ ಬಾತಿರಬಹುದು, ಕೆಲ ತಿಂಗಳು, ಕೆಲವರಿಗೆ ಯಾವಾಗಲೂ ಎಂದು ಸೇರಿಸಿದರು. ಹಾಗಾದರೆ ಇನ್ನು ಮುಂದೆ ಆ ಕೆನ್ನೆಯನ್ನು ನೋಡಿ ತಾನು ಏನನ್ನು ತಿಳಿಯಬೇಕು? ಕೇಳಲಿಲ್ಲ. ಡಾಕ್ಟರು ಮುಂದಿನ ಹಾಸಿಗೆಗೆ ಹೋಗಿದ್ದರು.

ಉಮರ್ಗಾಕ್ಕೆ ಬಂದ ಮರುದಿನ ಮಧ್ಯಾಹ್ನ, ತೊಡೆಗೆ ಕೊಡಬೇಕಾದ ಇಂಜೆಕ್ಷನ್ನನ್ನು ಅವಳೇ ಕೊಡಬೇಕಿತ್ತು. ನರ್ಸ್ ಕಲಿಸಿದ್ದಳು. ಚರ್ಮ ಚಿವುಟಿ ಎತ್ತು, ನೆಟ್ಟಗೆ ಚುಚ್ಚು, ಮೆಲ್ಲಗೆ ಒತ್ತು. ಗಿರಣಿಯ ಗುಡುಗು ಗೋಡೆಯಾಚೆಯಿಂದ ಬರುತ್ತಿತ್ತು. ಪ್ರಯಾಗಬಾಯಿ ಮೊಮ್ಮಗಳ ಇನ್ನೊಂದು ಕಾಲು ಹಿಡಿದು ಕೂತಿದ್ದಳು. ಸ್ವಪ್ನಾಲಿ ಹಲ್ಲು ಕಚ್ಚಿ, ಛಾವಣಿ ನೋಡುತ್ತ, ಕಲ್ಲಿನ ಹಾಗೆ ಮಲಗಿದ್ದಳು. ಸೂಜಿ ಇಳಿಯಿತು. ಸದ್ದಿಲ್ಲ. ಸೂಜಿ ಹೊರಬಂತು. ಆಗಲೂ ಸದ್ದಿಲ್ಲ.

"ನೋಯ್ತೇನು?"

"ಇಲ್ಲ."

ಹತ್ತಿ ಒತ್ತಿ ಹಿಡಿದ ವಿದ್ಯಾವತಿ ಕೈ ತೆಗೆಯಲಿಲ್ಲ. "ಸಪ್ನಾ, ಖರೆ ಹೇಳು."

"ಹೇಳಿದ್ರ ನೀ ಅಳ್ತಿ."

"ಅಳ್ತೀನಿ" ಎಂದಳು ವಿದ್ಯಾವತಿ. "ಅತ್ತರ ಅಳ್ತೀನಿ. ನೀ ಹೇಳು."

ಸ್ವಪ್ನಾಲಿ ಅಜ್ಜಿಯ ಕಡೆ ನೋಡಿದಳು. ಪ್ರಯಾಗಬಾಯಿ ಹಿಡಿದಿದ್ದ ಕಾಲನ್ನು ಬಿಟ್ಟಳು. ಆಮೇಲೆ ಆ ಕಾಲು ಎದ್ದು, ವಿದ್ಯಾವತಿಯ ಹೊಟ್ಟೆಗೆ ಜೋರಾಗಿ ಒದ್ದಿತು.

"ನೋಯ್ತದ! ಭಾಳ ನೋಯ್ತದ! ನಿನಗ ಹಾಕಾಕs ಬರಲ್ದು, ಆ ನರ್ಸ್ ಬಾಯಿ ಛಲೋ ಹಾಕ್ತಿದ್ಲು! ನಿನ್ನ ಕೈ ತಣ್ಣಗ ಅದ! ಹಾಲಿನಾಗ ಕೆನಿ ಹಾಕಬ್ಯಾಡಂದ್ರೂ ಹಾಕ್ತಿ, ನನಗ ಓಕರಿಕಿ ಬರ್ತದ, ದಿನಾ ಬರ್ತದ, ನಾ ನುಂಗ್ತೀನಿ! ಆ ರಂಭಾ ಅಜ್ಜಿ ಕಾಲಿಗಿ ನನಗ ಬೀಳೋದಿದ್ದಿಲ್ಲ!" ಅಳುವಿಗೆ ಮಾತು ತುಂಡಾಗುತ್ತಿತ್ತು, ಮತ್ತೆ ಕೂಡುತ್ತಿತ್ತು. ವಿದ್ಯಾವತಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಎದ್ದು ಹೋಗಬೇಕೆನಿಸಿತು, ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ. ಗೋಡೆಯಾಚೆ ಗಿರಣಿ ನಿಂತಿತು. ಏನಾಯಿತೆಂದು ನೀಲಕಂಠ ಬಾಗಿಲಿಗೆ ಬಂದ, ಪ್ರಯಾಗಬಾಯಿ ಕೈ ಅಡ್ಡ ಮಾಡಿ ಅವನನ್ನು ಅಲ್ಲೇ ನಿಲ್ಲಿಸಿದಳು.

ಸ್ವಪ್ನಾಲಿ ಉಸಿರು ಎಳೆದುಕೊಳ್ಳಲು ತಡೆದಳು.

"ಮತ್ತ?" ಎಂದಳು ವಿದ್ಯಾವತಿ.